24 ಕಾಳಿನ ಲೆಕ್ಕ: ಕೆನ್ಯಾದ ಹಳ್ಳಿ ಹುಡುಗಿಯರ ಓದು, ನೀರು, ಸೌದೆ

ಶಾಲೆಯ ಅಂಗಳದಲ್ಲಿ ಕಡ್ಡಿಯಿಂದ ಗೆರೆ ಎಳೆದು ಏಳು ಮನೆ ಮಾಡುತ್ತಾರೆ: ನಿದ್ದೆ, ತರಗತಿ, ನೀರು, ಸೌದೆ, ಅಡುಗೆ ಮತ್ತು ತಮ್ಮ–ತಂಗಿಯರ ಆರೈಕೆ, ಮನೆಯ ಓದು, ಆಟ. ಪ್ರತಿ ಮಗುವಿನ ಕೈಗೆ 24 ಬೀನ್ಸ್ ಕಾಳು. ಒಂದು ಕಾಳೆಂದರೆ ಒಂದು ಗಂಟೆ. ನಿನ್ನೆಯ ದಿನ ಹೇಗೆ ಕಳೆಯಿತೋ ಹಾಗೆ ಕಾಳನ್ನು ಮನೆಗಳಿಗೆ ಹಂಚಬೇಕು. ಹುಡುಗರು ಒಂದು ಕಡೆ, ಹುಡುಗಿಯರು ಇನ್ನೊಂದು ಕಡೆ. ಹತ್ತೇ ನಿಮಿಷದ ಕೆಲಸ. ಮುಗಿದ ಮೇಲೆ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಬಂದು ನೋಡುತ್ತಾರೆ. ಹುಡುಗಿಯರ ಕಡೆ ನೀರು, ಸೌದೆ, ಅಡುಗೆಯ ಮನೆಗಳಲ್ಲಿ ಕಾಳು ಗುಡ್ಡೆಯಾಗಿರುತ್ತದೆ. ಮನೆಯ ಓದಿಗೆ ಉಳಿದಿರುವುದು ಒಂದು ಕಾಳು, ಕೆಲವರಿಗೆ ಅದೂ ಇಲ್ಲ.

ಹಳ್ಳಿಗಾಡಿನಲ್ಲಿ ಕೆಲಸ ಮಾಡುವವರು ಈ ಆಟವನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಭಾಷಣ ಹೇಳಲಾರದ್ದನ್ನು ಇದು ತೋರಿಸಿಬಿಡುತ್ತದೆ. ಹುಡುಗಿಯರ ಶಿಕ್ಷಣ ಒಂದು ಇಲಾಖೆಯ ವಿಷಯ, ಪರಿಸರ ಇನ್ನೊಂದು ಇಲಾಖೆಯದು ಎಂದು ಕಾಗದದ ಮೇಲೆ ವಿಂಗಡಿಸಬಹುದು. ಆದರೆ ಹುಡುಗಿಯ ದಿನದಲ್ಲಿ ಎರಡೂ ಒಂದೇ ಕಡೆ ಬಂದು ಕೂಡುತ್ತವೆ. ಕಾಡು ಹಿಂದೆ ಸರಿದಷ್ಟೂ, ತೊರೆ ಬತ್ತಿದಷ್ಟೂ ಅವಳ ಓದಿನ ಹೊತ್ತು ಕರಗುತ್ತದೆ. ಹಾಗಾಗಿ ಮರ ನೆಡುವುದು, ಮಳೆನೀರು ಹಿಡಿಯುವುದು, ಒಲೆ ಸುಧಾರಿಸುವುದು, ಇಂಥ ಕೆಲಸಗಳನ್ನು ಅಳೆಯಬೇಕಾದ ಪ್ರಶ್ನೆ ಒಂದೇ: ಇದರಿಂದ ಅವಳಿಗೆ ಎಷ್ಟು ಕಾಳು ವಾಪಸು ಸಿಕ್ಕಿತು?

ಫೀಸು ಹೋಯಿತು, ಹೊತ್ತಿನ ಬಾಕಿ ಉಳಿಯಿತು

ಕೆನ್ಯಾದಲ್ಲಿ 2003ರ ಜನವರಿಯಿಂದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶುಲ್ಕ ರದ್ದಾಯಿತು. 2008ರಲ್ಲಿ ಹಗಲು ಪ್ರೌಢಶಾಲೆಗಳ ಬೋಧನಾ ಶುಲ್ಕವನ್ನೂ ಸರ್ಕಾರವೇ ಹೊತ್ತುಕೊಂಡಿತು. ಲಕ್ಷಾಂತರ ಮಕ್ಕಳು ಶಾಲೆಗೆ ಬಂದರು. ಸಮವಸ್ತ್ರ, ಮಧ್ಯಾಹ್ನದ ಊಟದಂಥ ಖರ್ಚುಗಳು ಮಾತ್ರ ಮನೆಯವರ ಪಾಲಿಗೇ ಉಳಿದವು. ಅದಕ್ಕಿಂತ ದೊಡ್ಡ ಬಾಕಿ ಹೊತ್ತಿನದು.

ಲೆಕ್ಕ ಹಾಕಿ ನೋಡೋಣ. ಆರು ಜನರ ಮನೆಗೆ ಕುಡಿಯಲು, ಅಡುಗೆಗೆ, ಪಾತ್ರೆ–ಬಟ್ಟೆಗೆ ಬಹಳ ಹಿಡಿತದಲ್ಲಿ ಬಳಸಿದರೂ ದಿನಕ್ಕೆ 80ರಿಂದ 100 ಲೀಟರ್ ನೀರು ಬೇಕು. ಅಲ್ಲಿ ನೀರು ತರುವುದು 20 ಲೀಟರಿನ ಹಳದಿ ಪ್ಲಾಸ್ಟಿಕ್ ಕ್ಯಾನಿನಲ್ಲಿ. ತುಂಬಿದ ಕ್ಯಾನಿನ ತೂಕ 20 ಕಿಲೊ ದಾಟುತ್ತದೆ. ಅಂದರೆ ನಾಲ್ಕೈದು ಕ್ಯಾನು. ತಾಯಿ ಮೂರು ತಂದರೆ ಮಗಳ ಪಾಲಿಗೆ ಎರಡು. ನೀರು ಒಂದು ಕಿಲೋಮೀಟರ್ ದೂರವಿದ್ದರೆ ಹೋಗಲು ಕಾಲು ಗಂಟೆ, ಹೊತ್ತು ಬರಲು 20 ನಿಮಿಷ. ಎರಡು ಸಲಕ್ಕೆ ಒಂದು ಗಂಟೆ ಹತ್ತು ನಿಮಿಷ. ಕಿಟುಯಿ, ಮಕುಯೇನಿಯಂಥ ಒಣಸೀಮೆಯಲ್ಲಿ ಬತ್ತಿದ ಹೊಳೆಯ ಮರಳು ತೋಡಿ, ಗುಂಡಿಯಲ್ಲಿ ನೀರು ಜಿನುಗುವವರೆಗೆ ಕಾಯಬೇಕು. ಆ ಸರದಿಯ ಹೊತ್ತು ಬೇರೆ.

ಸೌದೆಯದೂ ಇದೇ ಕಥೆ. ಮೂರು ಕಲ್ಲಿನ ಒಲೆಗೆ ದಿನಕ್ಕೆ ಆರು ಕಿಲೊ ಎಂದಿಟ್ಟುಕೊಂಡರೂ ವಾರಕ್ಕೆ 42 ಕಿಲೊ, ಎಂದರೆ ಎರಡು ದೊಡ್ಡ ಹೊರೆ. ಪಶ್ಚಿಮ ಕೆನ್ಯಾದಲ್ಲಿ ಹೊರೆ ತಲೆಯ ಮೇಲಿರುತ್ತದೆ. ಮಧ್ಯದ ಕಿಕುಯು ಸೀಮೆಯಲ್ಲಿ ಅದು ಬೆನ್ನ ಮೇಲೆ. ಹೊರೆಗೆ ಬಿಗಿದ ಪಟ್ಟಿಯನ್ನು ಹಣೆಗೆ ಕೊಟ್ಟು, ಮುಂದಕ್ಕೆ ಬಾಗಿ ನಡೆಯುತ್ತಾರೆ. ವರ್ಷಗಟ್ಟಲೆ ಹೊತ್ತವರ ಹಣೆಯ ಮೇಲೆ ಪಟ್ಟಿಯ ಗುರುತು ತಗ್ಗಾಗಿ ಉಳಿದುಬಿಡುತ್ತದೆ.

ಇದನ್ನು ಮೊದಲು ಜೋಡಿಸಿ ನೋಡಿದವರು

1970ರ ದಶಕದ ಮಧ್ಯದಲ್ಲಿ ಕೆನ್ಯಾದ ರಾಷ್ಟ್ರೀಯ ಮಹಿಳಾ ಮಂಡಳಿಯ ಸಭೆಗಳಲ್ಲಿ ಹಳ್ಳಿಯ ಹೆಂಗಸರು ಹೇಳಿಕೊಂಡ ಕಷ್ಟಗಳು ಇವೇ: ಉರುವಲಿಲ್ಲ, ಶುದ್ಧ ನೀರಿಲ್ಲ, ಮಕ್ಕಳಿಗೆ ಒಳ್ಳೆಯ ಊಟವಿಲ್ಲ. ಅದನ್ನು ಕೇಳಿಸಿಕೊಂಡವರಲ್ಲಿ ವಂಗಾರಿ ಮಾಥಾಯ್ ಒಬ್ಬರು. 1940ರಲ್ಲಿ ನ್ಯೇರಿ ಸೀಮೆಯ ಇಹಿಥೆಯಲ್ಲಿ ಹುಟ್ಟಿದವರು. ತಾನು ಶಾಲೆಗೆ ಹೋಗುವಾಗ ತಂಗಿ ಯಾಕೆ ಹೋಗುವುದಿಲ್ಲ ಎಂದು ಅಣ್ಣ ಕೇಳಿದ, ಹೋಗಬಾರದು ಎನ್ನಲು ಕಾರಣವೇನೂ ಇಲ್ಲ ಎಂದು ಅಮ್ಮ ಒಪ್ಪಿದಳು. ಎಂಟು ವರ್ಷದ ಹುಡುಗಿ ಶಾಲೆ ಸೇರಿದ್ದು ಹೀಗೆ. 1960ರಲ್ಲಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿ ಜೀವಶಾಸ್ತ್ರ ಓದಿದರು. 1971ರಲ್ಲಿ ನೈರೋಬಿಯಲ್ಲಿ ಡಾಕ್ಟರೇಟ್ ಪಡೆದು, ಪೂರ್ವ ಮತ್ತು ಮಧ್ಯ ಆಫ್ರಿಕಾದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆಯಾದರು.

2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸ್ವೀಕರಿಸುವಾಗ ಅವರು ನೆನೆದದ್ದು ಮನೆ ಪಕ್ಕದ ತೊರೆಯನ್ನು. ಅಮ್ಮನಿಗೆ ನೀರು ತರಲು ಹೋದಾಗ ಕೆಸುವಿನ ಎಲೆಗಳ ನಡುವೆ ಕಪ್ಪೆಯ ಮೊಟ್ಟೆಗಳ ಸರ ಕಾಣುತ್ತಿತ್ತಂತೆ. ಅದು ಮಣಿಸರವೆಂದು ಬೆರಳು ಹಾಕಿ ಎತ್ತಲು ಹೋದರೆ ಪ್ರತಿ ಸಲವೂ ಹರಿದುಹೋಗುತ್ತಿತ್ತು. ಐವತ್ತು ವರ್ಷದ ನಂತರ ಆ ತೊರೆಯೇ ಬತ್ತಿತ್ತು, ಹೆಂಗಸರು ನೀರಿಗಾಗಿ ದೂರ ನಡೆಯುತ್ತಿದ್ದರು.

1977ರ ಜೂನ್ 5ರಂದು ನೈರೋಬಿಯ ಕಮುಕುಂಜಿಯಲ್ಲಿ ಏಳು ಸಸಿ ನೆಟ್ಟು ಶುರುವಾದದ್ದೇ ಗ್ರೀನ್ ಬೆಲ್ಟ್ ಮೂವ್‌ಮೆಂಟ್. ಓದು ಬಾರದ ಹೆಂಗಸರು ಒಡೆದ ಮಡಕೆಯಲ್ಲಿ ಬೀಜ ಹಾಕಿ, ಕೋಳಿ–ಮೇಕೆಗೆ ಎಟುಕದಂತೆ ಎತ್ತರದಲ್ಲಿಟ್ಟು ಸಸಿ ಬೆಳೆಸಿದರು. ನೆಟ್ಟ ಸಸಿ ಬದುಕಿದರೆ ಮಾತ್ರ ಗುಂಪಿಗೆ ಸಣ್ಣ ಮೊತ್ತದ ಗೌರವಧನ. ಲೆಕ್ಕಕ್ಕೆ ಬರುತ್ತಿದ್ದದ್ದು ನೆಟ್ಟ ಸಂಖ್ಯೆಯಲ್ಲ, ಬದುಕಿದ ಸಂಖ್ಯೆ. ಈ ಒಂದು ನಿಯಮವೇ ಚಳವಳಿಯ ಬೆನ್ನೆಲುಬು ಎನ್ನಬೇಕು. ಈವರೆಗೆ ನೆಟ್ಟಿರುವ ಮರಗಳು 5 ಕೋಟಿಗೂ ಹೆಚ್ಚು.

ಶಾಲೆಯ ಸಸಿಮಡಿ: ಎಲ್ಲಿ, ಯಾವಾಗ, ಎಷ್ಟು

ಕೆನ್ಯಾದ ಶಾಲೆಗಳಲ್ಲಿ ಫೋರ್ ಕೆ ಕ್ಲಬ್ ಎಂಬ ಹಳೆಯ ಕೃಷಿ ಸಂಘಗಳಿವೆ. ಕೂಡು, ಮಾಡು, ನೆರವಾಗು ಎಂಬರ್ಥದ ಮೂರು ಸ್ವಾಹಿಲಿ ಪದ ಮತ್ತು ಕೆನ್ಯಾ ಸೇರಿ ನಾಲ್ಕು ‘ಕೆ’. 2021ರಲ್ಲಿ ಇವಕ್ಕೆ ಸರ್ಕಾರ ಮತ್ತೆ ಜೀವ ಕೊಟ್ಟಿತು. ಸಸಿಮಡಿ ಮಾಡಲು ಇದೇ ಒಳ್ಳೆಯ ಜಾಗ.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಬೇಕು. ಕೆನ್ಯಾದ ಬಹುಭಾಗದಲ್ಲಿ ಎರಡು ಮಳೆಗಾಲ: ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಬೀಜ ಹಾಕಿದಾಗಿನಿಂದ ನೆಡುವ ಹದದ ಒಂದಡಿ ಸಸಿಯಾಗಲು ಐದಾರು ತಿಂಗಳು ಬೇಕು. ದೊಡ್ಡ ಮಳೆಗೆ ನೆಡಬೇಕೆಂದರೆ ಅಕ್ಟೋಬರ್‌ನಲ್ಲಿ ಬೀಜ ಹಾಕಬೇಕು. ಆದರೆ ನವೆಂಬರ್–ಡಿಸೆಂಬರ್‌ನಲ್ಲಿ ಶಾಲೆಗೆ ವರ್ಷದ ದೀರ್ಘ ರಜೆ. ಎರಡೆಲೆಯ ಸಸಿಗಳು ಕೇಳುವವರಿಲ್ಲದೆ ಸಾಯುತ್ತವೆ. ಶಾಲಾ ಸಸಿಮಡಿಗಳು ಮೊದಲ ವರ್ಷವೇ ಹಾಳುಬೀಳಲು ಒಂದು ದೊಡ್ಡ ಕಾರಣ ಇದು. ಅದರ ಬದಲು ಮೇ ಆರಂಭದಲ್ಲಿ, ಎರಡನೆಯ ಅವಧಿ ತೆರೆದ ಕೂಡಲೇ ಬೀಜ ಹಾಕಿದರೆ ಅಕ್ಟೋಬರ್ ಕೊನೆಗೆ ಸಸಿ ಸಿದ್ಧ. ನಡುವೆ ಬರುವುದು ಆಗಸ್ಟಿನ ಮೂರು ವಾರಗಳ ರಜೆ ಮಾತ್ರ. ಅಷ್ಟು ದಿನಕ್ಕೆ ಶಾಲೆಯ ಹತ್ತಿರದ ಮನೆಗಳ ಪಾಳಿ ಹಾಕಿ ಗೋಡೆಗೆ ಅಂಟಿಸಿದರೆ ಸಾಕು. ಅಕ್ಟೋಬರ್‌ನಲ್ಲಿ ನೆಟ್ಟದ್ದಕ್ಕೆ ನವೆಂಬರ್ ಮಳೆ ನೀರುಣಿಸುತ್ತದೆ. ಹೊಸದಾಗಿ ಶುರುಮಾಡುವ ಶಾಲೆ ಸಣ್ಣ ಮಳೆಗೇ ಗುರಿಯಿಡುವುದು ಮೇಲು.

500 ಸಸಿ ನೆಡಲು 650 ಬೆಳೆಸಬೇಕು. ಕುಂಟು, ಕೊಳೆತ, ಸೊರಗಿದ ಸಸಿಗಳಿಗಾಗಿ ಈ ಹೆಚ್ಚುವರಿ. 4 ಇಂಚು ಅಗಲ, 6 ಇಂಚು ಎತ್ತರದ ಪಾಲಿಥಿನ್ ಚೀಲಕ್ಕೆ ಸುಮಾರು ಅರ್ಧ ಲೀಟರ್ ಮಣ್ಣು ಹಿಡಿಯುತ್ತದೆ. ಆ ಲೆಕ್ಕಕ್ಕೆ 325 ಲೀಟರ್ ಮಿಶ್ರಣ, ಅಂದರೆ 20 ಲೀಟರಿನ 16 ಬಕೆಟ್. ಮೂರು ಪಾಲು ಮರದಡಿಯ ಮೇಲ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಎಂದರೆ ಮಣ್ಣು ಹತ್ತು ಬಕೆಟ್, ಉಳಿದೆರಡು ತಲಾ ಮೂರೂಕಾಲು. ಹಸಿ ಗೊಬ್ಬರ ಹಾಕಿದರೆ ಅದು ಚೀಲದೊಳಗೇ ಕಾವು ಏರಿ ಎಳೆ ಬೇರನ್ನು ಸುಡುತ್ತದೆ. ಕೈ ಹಾಕಿದರೆ ಬಿಸಿ ಇರಬಾರದು, ಸಗಣಿಯ ವಾಸನೆ ಇರಬಾರದು, ಪುಡಿಪುಡಿಯಾಗಿರಬೇಕು. ಮಡಿಯ ಅಗಲ ಒಂದು ಮೀಟರ್ ಮೀರದಿರಲಿ. ಎರಡೂ ಬದಿಯಿಂದ ಮಗುವಿನ ಕೈ ನಡುವಿನವರೆಗೆ ಎಟುಕಬೇಕು. 650 ಚೀಲ ನಿಲ್ಲಿಸಲು ಮೂರು ಮೀಟರ್ ಉದ್ದ ಸಾಕು.

ಬೀಜದ ಜಾತಿ ನೋಡಿ ಉಪಚಾರ. ಅಕೇಶಿಯಾ, ಮೇವು–ಉರುವಲಿನ ಪೊದೆಯಾದ ಕ್ಯಾಲಿಯಾಂಡ್ರ, ಇಂಥ ಗಟ್ಟಿ ಸಿಪ್ಪೆಯ ಬೀಜಕ್ಕೆ ಕುದಿಸಿ ಇಳಿಸಿದ ನೀರು ಸುರಿದು ರಾತ್ರಿಯಿಡೀ ನೆನೆಹಾಕಬೇಕು. ಒಲೆಯ ಮೇಲೇ ಇಟ್ಟು ಕುದಿಸಿದರೆ ಬೀಜ ಬೆಂದು ಸಾಯುತ್ತದೆ. ಬೆಳಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದವಕ್ಕೆ ಇನ್ನೊಮ್ಮೆ ಬಿಸಿನೀರು. ಸಿಲ್ವರ್ ಓಕ್ ಬೀಜಕ್ಕೆ ಇದೆಲ್ಲ ಬೇಡ. ಅದು ಹಗುರ, ರೆಕ್ಕೆಯುಳ್ಳದ್ದು. ಹೊಸದಿದ್ದಾಗಲೇ ಬಿತ್ತಿ ತೆಳ್ಳಗೆ ಮಣ್ಣು ಉದುರಿಸಬೇಕು. ಡಬ್ಬಿಯಲ್ಲಿ ಆರೆಂಟು ತಿಂಗಳು ಬಿಸಿಲ ಕೋಣೆಯಲ್ಲಿಟ್ಟ ಬೀಜ ನೆಚ್ಚುವಂಥದ್ದಲ್ಲ.

ಮೊಳಕೆ ಬಂದ ಮೇಲಿನ ಮೂರು ವಾರ ಅಪಾಯದ ಕಾಲ. ನಿನ್ನೆ ನೆಟ್ಟಗಿದ್ದ ಮೊಳಕೆ ಇಂದು ಬುಡದಲ್ಲಿ ದಾರದಷ್ಟು ಸಣ್ಣಗಾಗಿ, ಕಂದಿ, ಅಡ್ಡ ಬಿದ್ದಿರುತ್ತದೆ. ನೀರು ಸಾಲದೆ ಒಣಗಿತೆಂದು ಮಕ್ಕಳು ಇನ್ನಷ್ಟು ಸುರಿಯುತ್ತಾರೆ. ನಿಜಕ್ಕೆ ಅದು ನೀರು ಹೆಚ್ಚಾಗಿ ಬಂದ ಬುಡಕೊಳೆ. ಒತ್ತಾಗಿ ಬಿತ್ತಿದ್ದು, ಸಂಜೆ ನೀರು ಹಾಕಿ ರಾತ್ರಿಯಿಡೀ ಮಣ್ಣು ತೇವವಾಗಿಟ್ಟದ್ದು, ನೆರಳು ಅತಿಯಾದದ್ದು, ಈ ಮೂರೂ ಸೇರಿದರೆ ಒಂದು ವಾರದಲ್ಲಿ ಅರ್ಧ ಮಡಿ ಖಾಲಿ. ಆಗ ಮಾಡಬೇಕಾದದ್ದು ಸತ್ತವನ್ನು ಮಣ್ಣು ಸಮೇತ ತೆಗೆದು ದೂರ ಎಸೆದು, ನೆರಳು ತುಸು ತೆರೆದು, ಬೆಳಗ್ಗೆ ಮಾತ್ರ ನೀರು ಹಾಕುವುದು.

ಎರಡು ನಿಜ ಎಲೆ ಬಂದಾಗ ಮೊಳಕೆಯನ್ನು ಚೀಲಕ್ಕೆ ಎತ್ತಿಡುತ್ತಾರೆ. ಸಂಜೆ ಹೊತ್ತು ಮಾಡಬೇಕು. ಎಲೆ ಹಿಡಿದು ಎತ್ತಬೇಕು, ಕಾಂಡ ಹಿಡಿಯಬಾರದು. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಲುಗಿದರೆ ಸಸಿ ಹೋಯಿತು. ಕಡ್ಡಿಯಿಂದ ಆಳವಾದ ತೂತು ಮಾಡಿ, ಬೇರನ್ನು ಸ್ವಲ್ಪ ಹೆಚ್ಚೇ ಆಳಕ್ಕೆ ಇಳಿಸಿ, ಆಮೇಲೆ ಮೆಲ್ಲಗೆ ಮೇಲಕ್ಕೆಳೆದರೆ ಬೇರು ನೇರವಾಗುತ್ತದೆ. ಈ ಎಳೆಯುವ ಒಂದು ಕ್ಷಣ ತಪ್ಪಿದರೆ ಬೇರಿನ ತುದಿ ಕೊಕ್ಕೆಯಂತೆ ಮೇಲಕ್ಕೆ ಮಡಚಿಕೊಂಡೇ ಬೆಳೆಯುತ್ತದೆ. ಸಸಿ ಮಡಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ; ಮೂರು–ನಾಲ್ಕು ವರ್ಷದ ಮೇಲೆ ಬಿರುಗಾಳಿಗೆ ಮರ ಬುಡಸಮೇತ ಉರುಳುತ್ತದೆ. ಯಾಕೆ ಉರುಳಿತೆಂದು ಆಗ ಯಾರಿಗೂ ಹೊಳೆಯುವುದಿಲ್ಲ.

ಮೂರು ವಾರಕ್ಕೊಮ್ಮೆ ಚೀಲಗಳನ್ನೆತ್ತಿ ನೆಲಕ್ಕಿಳಿದ ಬೇರು ಕತ್ತರಿಸಿ ಮತ್ತೆ ಇಡಬೇಕು. ಕೊನೆಯ ಒಂದು ತಿಂಗಳು ನೆರಳು ಪೂರ್ತಿ ತೆಗೆದು, ನೀರು ದಿನ ಬಿಟ್ಟು ದಿನ ಮಾಡಿ ಸಸಿಯನ್ನು ಬಿಸಿಲಿಗೆ ಒಗ್ಗಿಸಬೇಕು. ನೆಡುವ ಗುಂಡಿ ಒಂದೂವರೆ ಅಡಿ ಆಳ, ಅಷ್ಟೇ ಅಗಲ. ಮೇಲ್ಮಣ್ಣು ಒಂದು ಕಡೆ, ಅಡಿಮಣ್ಣು ಇನ್ನೊಂದು ಕಡೆ ಹಾಕಿಕೊಂಡು, ತುಂಬುವಾಗ ಮೇಲ್ಮಣ್ಣು ಬೇರಿನ ಸುತ್ತ ಹೋಗಬೇಕು. ಚೀಲ ಬಿಚ್ಚದೆ ನೆಟ್ಟ ಸಸಿಗಳು ಎಲ್ಲ ಕಡೆಯೂ ಸಿಗುತ್ತವೆ. ಅದಕ್ಕೊಂದು ಸುಲಭದ ಉಪಾಯ: ನೆಟ್ಟವರೇ ಖಾಲಿ ಚೀಲಗಳನ್ನು ತಂದು ಎಣಿಸಿ ಕೊಡಬೇಕು. 500 ಸಸಿಗೆ 500 ಖಾಲಿ ಚೀಲ.

ಇನ್ನು ನೀರು. 650 ಚೀಲಕ್ಕೆ ದಿನಕ್ಕೆ ಸುಮಾರು 40 ಲೀಟರ್, ಅಂದರೆ ಎರಡು ಕ್ಯಾನು. ಅದನ್ನು ಯಾರು ತರುತ್ತಾರೆ? ಎಷ್ಟೋ ಕಡೆ ಉತ್ತರ: ಹುಡುಗಿಯರು, ಬೆಳಗ್ಗೆ ಮನೆಯಿಂದ ಬರುವಾಗ. ಫಲಕ ಬರೆಯುವುದು, ಗುಂಡಿ ಅಳೆಯುವುದು, ಅಧ್ಯಕ್ಷಗಿರಿ ಹುಡುಗರಿಗೆ. ಹೀಗಾದರೆ ಪರಿಸರ ಸಂಘ ಹುಡುಗಿಯ ಇನ್ನೊಂದು ಕಾಳು ಕಿತ್ತುಕೊಂಡಿತು ಅಷ್ಟೆ. ಮಡಿ ಇರಬೇಕಾದದ್ದು ಮಳೆನೀರಿನ ಟ್ಯಾಂಕಿನ ಪಕ್ಕ, ಕೈತೊಳೆಯುವ ನೀರು ಹರಿದು ಬರುವ ಕಡೆ. ನೀರು ಹಾಕುವ ಪಾಳಿಪಟ್ಟಿಯಲ್ಲಿ ಹುಡುಗರ ಹೆಸರು ಹುಡುಗಿಯರಷ್ಟೇ ಇರಬೇಕು. ಇದು ಸಾಧ್ಯವಾಗದ ಶಾಲೆ ಮೊದಲು ಟ್ಯಾಂಕ್ ಕಟ್ಟಲಿ, ಮಡಿ ಆಮೇಲೆ.

ಯಾವ ಮರ?

ತಪ್ಪು ಮರದ ಪಾಠವನ್ನು ಬಾರಿಂಗೋ ಸೀಮೆ ಕಲಿಸುತ್ತದೆ. 1980ರ ದಶಕದ ಆರಂಭದಲ್ಲಿ ಮರುಭೂಮಿ ತಡೆಯಲು, ಉರುವಲು ಕೊಡಲು ಅಂತ ಅಲ್ಲಿ ಒಂದು ಮುಳ್ಳುಜಾಲಿ ನೆಟ್ಟರು. ಸ್ಥಳೀಯರ ಬಾಯಲ್ಲಿ ಅದು ‘ಮಥೆಂಗೆ’. ನಮ್ಮ ಬಯಲುಸೀಮೆಯವರಿಗೆ ಪರಿಚಯ ಮಾಡಿಕೊಡಬೇಕಿಲ್ಲ, ಅದೇ ಬಳ್ಳಾರಿ ಜಾಲಿ. ಮೇವಿನ ಬಯಲನ್ನೂ ದಾರಿಯನ್ನೂ ಅದು ನುಂಗಿತು. ಸಿಹಿ ಕಾಯಿ ತಿಂದ ಮೇಕೆಗಳ ಹಲ್ಲು ಹಾಳಾಗಿ ಉದುರಿದವು. 2006ರಲ್ಲಿ ದಾವೆ ಹೂಡಿದ ಊರವರು ಹಲ್ಲಿಲ್ಲದ ಮೇಕೆಯನ್ನೇ ಸಾಕ್ಷಿಯಾಗಿ ನೈರೋಬಿಯ ನ್ಯಾಯಾಲಯಕ್ಕೆ ತಂದರು. ನೀಲಗಿರಿಯದೂ ಹೆಚ್ಚುಕಡಿಮೆ ಇಂಥದೇ ದೂರು: 2009ರಲ್ಲಿ ಕೆನ್ಯಾದ ಪರಿಸರ ಸಚಿವರು ನೀರಿನ ಸೆಲೆಗಳ ಬಳಿಯ ನೀಲಗಿರಿ ಕೀಳಲು ಆದೇಶಿಸಿದರು, ಕರ್ನಾಟಕ ಹೊಸ ನೀಲಗಿರಿ ನಾಟಿಯನ್ನು ನಿಷೇಧಿಸಿದ್ದು 2017ರಲ್ಲಿ.

ಹುಡುಗಿಯ ಹೊತ್ತು ಉಳಿಸುವ ಮರವೆಂದರೆ ಮನೆಯ ಬೇಲಿಯಲ್ಲೇ ಬೆಳೆದು, ಕಡಿದರೆ ಮತ್ತೆ ಚಿಗುರುವಂಥದ್ದು. ಸೆಸ್ಬೇನಿಯಾ ನಮ್ಮ ಅಗಸೆ ಮರದ ಬಳಗದ್ದು, ಒಂದೆರಡು ವರ್ಷದಲ್ಲೇ ಉರುವಲು ಕೊಡುತ್ತದೆ. ಕ್ಯಾಲಿಯಾಂಡ್ರದ ಸೊಪ್ಪು ಹಸುವಿಗೆ, ಕಡ್ಡಿ ಒಲೆಗೆ. ಕೊಡಗು–ಚಿಕ್ಕಮಗಳೂರಿನ ಕಾಫಿ ತೋಟದವರ ಸಿಲ್ವರ್ ಓಕ್ ಕೆನ್ಯಾದ ಬೆಟ್ಟಸೀಮೆಯಲ್ಲೂ ಹೊಲದಂಚಿನ ಮರ. ಪಕ್ಕದ ಕೊಂಬೆ ಸವರುತ್ತಾ ಹೋದರೆ ಸೌದೆಯೂ ಸಿಗುತ್ತದೆ, ನಡುಕಾಂಡ ಮರಮಟ್ಟಿಗೂ ಬರುತ್ತದೆ. ತೊರೆಯ ದಂಡೆಗೆ ಮಾತ್ರ ನಾಡಮರಗಳೇ ಬೇಕು. ಕಿಕುಯು ಜನ ‘ಮುಗುಮೊ’ ಎನ್ನುವ ಅತ್ತಿಯ ಜಾತಿಯ ಮರ ನಮ್ಮ ಅರಳಿಯಂತೆ ಪೂಜ್ಯ. ಅದರಿಂದ ಸೌದೆ ಆಯಬಾರದೆಂದು ವಂಗಾರಿಗೆ ಅಮ್ಮ ಹೇಳಿಕೊಟ್ಟಿದ್ದರು. ಆ ನಂಬಿಕೆ ನೀರಿನ ಸೆಲೆಯನ್ನೂ ಕಾಯುತ್ತಿತ್ತು.

ಸೂರಿನ ನೀರು

ಲೆಕ್ಕ ಸರಳ: ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಎರಡು ತರಗತಿಯ ತಗಡಿನ ಸೂರು 15 ಮೀಟರ್ ಉದ್ದ, 8 ಮೀಟರ್ ಅಗಲ ಎಂದರೆ 120 ಚದರ ಮೀಟರ್. ವರ್ಷಕ್ಕೆ 800 ಮಿಲಿಮೀಟರ್ ಮಳೆಯಾಗಿ, ಐದರಲ್ಲೊಂದು ಪಾಲು ಸೋರಿ–ಸಿಡಿದು ಹೋದರೂ 76,800 ಲೀಟರ್ ಸಿಗುತ್ತದೆ. ಏಳನೆಯ ತರಗತಿಯ ಗಣಿತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೆ?

10,000 ಲೀಟರಿನ ಟ್ಯಾಂಕ್ ತುಂಬಲು ಇಂಥ ಸೂರಿಗೆ 105 ಮಿಲಿಮೀಟರ್ ಮಳೆ ಸಾಕು. 300 ಮಕ್ಕಳು ಕುಡಿಯಲು ದಿನಕ್ಕೆ ತಲಾ ಒಂದು ಲೀಟರ್ ಬಳಸಿದರೆ ಅದು 33 ದಿನ ಬರುತ್ತದೆ. ಕೆಡುವುದು ಟ್ಯಾಂಕ್ ಅಲ್ಲ, ದೋಣಿ. ಸೂರಿನಂಚಿನ ದೋಣಿಗೆ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಬೇಕು. ಒಂದು ಕೊಕ್ಕೆ ಕಳಚಿದರೆ ಅಲ್ಲಿ ಜೋತುಬಿದ್ದು ನೀರೆಲ್ಲ ನಡುವಿನಲ್ಲೇ ಸುರಿದುಹೋಗುತ್ತದೆ. ಮೊದಲ ಮಳೆಯ ಒಂದು ಮಿಲಿಮೀಟರ್ ನೀರು, ಅಂದರೆ ಈ ಸೂರಿಗೆ 120 ಲೀಟರ್, ಹಕ್ಕಿಯ ಹಿಕ್ಕೆ–ಧೂಳು ತೊಳೆದ ನೀರು. ಅದನ್ನು ಬೇರೆ ಕೊಳವೆಯಿಂದ ಹೊರಗೆ ಬಿಟ್ಟು ಸಸಿಮಡಿಗೆ ತಿರುಗಿಸಬಹುದು. ಟ್ಯಾಂಕಿನ ಬಾಯಿಗೆ ಸೊಳ್ಳೆಪರದೆ ಬಿಗಿದಿರಬೇಕು. ನಲ್ಲಿಯ ಬುಡಕ್ಕೆ ಜಲ್ಲಿ ಹಾಸಿ ಹರಿವಿಗೆ ದಾರಿ ಮಾಡದಿದ್ದರೆ ಒಂದು ತಿಂಗಳಲ್ಲಿ ಕೆಸರುಗುಂಡಿ.

ಒಲೆ

ಹಳ್ಳಿಯ ಶಾಲೆಗಳ ಮಧ್ಯಾಹ್ನದ ಊಟ ಹೆಚ್ಚಾಗಿ ‘ಗಿಥೇರಿ’: ಇಡಿ ಮೆಕ್ಕೆಜೋಳದ ಕಾಳು, ಬೀನ್ಸ್ ಕಾಳು ಸೇರಿಸಿ ಬೇಯಿಸಿದ್ದು. ಒಣಕಾಳು ಬೇಯಲು ಮೂರು ಗಂಟೆ ಹಿಡಿಯುತ್ತದೆ. ಅದಕ್ಕೆ ಸೌದೆ ಎಲ್ಲಿಂದ? ಎಷ್ಟೋ ಶಾಲೆಗಳಲ್ಲಿ ಮಕ್ಕಳೇ ಮನೆಯಿಂದ ಒಂದೊಂದು ಕೊರಡು ತರಬೇಕು. ಕಾಳನ್ನು ಹಿಂದಿನ ರಾತ್ರಿ ನೆನೆಹಾಕಿದರೆ ಬೇಯುವ ಹೊತ್ತು ಬಹಳ ಇಳಿಯುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಮಾಡುವುದಿಲ್ಲ, ಏಕೆಂದರೆ ನೆನೆಹಾಕಲು ಹಿಂದಿನ ಸಂಜೆ ಶಾಲೆಯಲ್ಲಿ ನೀರಿರಬೇಕು. ಟ್ಯಾಂಕಿಗೂ ಒಲೆಗೂ ನಂಟಿರುವುದು ಹೀಗೆ. ಸೌದೆಯನ್ನು ಸೀಳಿ, ಮಳೆ ತಗಲದ ಮಾಡಿನಡಿ ಮೂರು ತಿಂಗಳು ಒಣಗಿಸುವುದು ಎರಡನೆಯ ಉಳಿತಾಯ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ. ಬೆಂಕಿ ಮೊದಲು ಆ ನೀರನ್ನು ಆರಿಸಬೇಕು, ಆಮೇಲೆ ಕಾಳು ಬೇಯಿಸಬೇಕು. ಹೊಗೆ ಕಣ್ಣು–ಎದೆಗೆ ಹೋಗುತ್ತದೆ.

ಮನೆಯ ಒಲೆ ಸುಧಾರಿಸುವಾಗ ಎಡವುವುದು ಮುದ್ದೆಯಲ್ಲಿ. ಅಲ್ಲಿನ ದಿನದ ಊಟ ‘ಉಗಾಲಿ’, ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಮುದ್ದೆಕೋಲು ಹಿಡಿದವರಿಗೆ ಗೊತ್ತು, ಕೊನೆಯ ಐದು ನಿಮಿಷ ತೋಳಿನ ಬಲವೆಲ್ಲ ಹಾಕಿ ತಿರುವಬೇಕು. ಹಗುರವಾದ ತಗಡಿನ ಒಲೆ ಆಗ ವಾಲುತ್ತದೆ, ಕುದಿಯುವ ಹಿಟ್ಟು ಕಾಲ ಮೇಲೆ ಬೀಳುತ್ತದೆ. ಎರಡು ದಿನ ನೋಡಿ ತಾಯಿ ಮತ್ತೆ ಮೂರು ಕಲ್ಲಿಗೆ ಹೋಗುತ್ತಾಳೆ. ಅವಳು ಮಾಡಿದ್ದೇ ಸರಿ. ಅದಕ್ಕೇ ಪಶ್ಚಿಮ ಕೆನ್ಯಾದಲ್ಲಿ ಸುಟ್ಟಮಣ್ಣಿನ ಒಳಗೂಡನ್ನು ಅಡುಗೆಮನೆಯ ನೆಲಕ್ಕೇ ಮಣ್ಣು–ಕಲ್ಲಿನಿಂದ ಕಟ್ಟಿ ಕೂರಿಸುವ ಒಲೆ ನಿಂತಿತು. ಅದು ಅಲುಗುವುದಿಲ್ಲ. ಸೌದೆ ಹಾಕುವ ಬಾಯಿ ಚಿಕ್ಕದು, ಆದ್ದರಿಂದ ಸೌದೆ ಸಣ್ಣಗೆ ಸೀಳಬೇಕು. ದಪ್ಪ ಕೊರಡು ತುರುಕಿದರೆ ಗಾಳಿ ಕಟ್ಟಿ ಹೊಗೆ ತುಂಬಿ, ಒಳಗೂಡೂ ಬಿರಿಯುತ್ತದೆ. ಸೌದೆಯಲ್ಲಿ ಮೂರನೆಯ ಒಂದು ಪಾಲು ಉಳಿದರೂ ವಾರಕ್ಕೆ 14 ಕಿಲೊ. ಮೂರು ವಾರಕ್ಕೆ ಎರಡು ಹೊರೆ ಕಡಿಮೆ.

ಮುಟ್ಟು, ಬಾಗಿಲು, ಮರಳಿ ಶಾಲೆ

ಮುಟ್ಟಿನ ದಿನಗಳಲ್ಲಿ ಹುಡುಗಿ ಮನೆಯಲ್ಲೇ ಉಳಿದರೆ ಕಾರಣ ನಾಚಿಕೆ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಕಾರಣ ಹೆಚ್ಚಾಗಿ ಶೌಚಾಲಯದ ಬಾಗಿಲಿಗೆ ಒಳಚಿಲಕವಿಲ್ಲದಿರುವುದು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ 25 ಹುಡುಗಿಯರಿಗೆ ಒಂದು ಶೌಚಾಲಯ. ಕೆನ್ಯಾ 2004ರಲ್ಲಿ ಪ್ಯಾಡುಗಳ ಮೇಲಿನ ಮೌಲ್ಯವರ್ಧಿತ ತೆರಿಗೆ ತೆಗೆಯಿತು, 2017ರಲ್ಲಿ ಶಿಕ್ಷಣ ಕಾಯ್ದೆಗೆ ಮಾಡಿದ ತಿದ್ದುಪಡಿಯಲ್ಲಿ ಶಾಲಾ ಹುಡುಗಿಯರಿಗೆ ಉಚಿತ ಪ್ಯಾಡ್ ಕೊಡುವುದನ್ನು ಸರ್ಕಾರದ ಹೊಣೆ ಮಾಡಿತು. ಬಟ್ಟೆಯ ಪ್ಯಾಡಾದರೆ ಒಗೆಯಲು ನೀರು, ಸೋಪು ಬೇಕು. ಬಿಸಿಲಲ್ಲಿ ಪೂರ್ತಿ ಒಣಗಬೇಕು. ಯಾರೂ ನೋಡಬಾರದೆಂದು ಹಾಸಿಗೆಯಡಿ ಒಣಹಾಕಿದ್ದು ತೇವವಾಗೇ ಉಳಿದು ತುರಿಕೆ–ಸೋಂಕು ತರುತ್ತದೆ. ಮೇಲೊಂದು ತೆಳು ಬಟ್ಟೆ ಹೊದಿಸಿ ಬಿಸಿಲಿಗೇ ಹಾಕಬಹುದು ಎಂಬ ಸಣ್ಣ ಮಾತನ್ನು ಹೇಳಿಕೊಡುವವರು ಬೇಕು.

ಬಸಿರಾದ ಹುಡುಗಿ ಹೆರಿಗೆಯ ನಂತರ ಶಾಲೆಗೆ ಮರಳಬಹುದೆಂಬ ನೀತಿ 1994ರಿಂದ ಇದೆ, 2020ರಲ್ಲಿ ಅದಕ್ಕೆ ಹೊಸ ಮಾರ್ಗಸೂಚಿ ಬಂತು. 2014ರ ಮದುವೆ ಕಾಯ್ದೆಯ ಪ್ರಕಾರ 18 ತುಂಬದೆ ಮದುವೆಯಿಲ್ಲ. ಈ ಹಕ್ಕುಗಳು ಹುಡುಗಿಯ ತಾಯಿಗೆ ಗೊತ್ತಿರುವುದಿಲ್ಲ. ಹೇಳಬೇಕಾದವರು ಅದೇ ಊರಲ್ಲಿ ಓದಿ ಮೇಲೆ ಬಂದವರು. 1993ರಲ್ಲಿ ಜಿಂಬಾಬ್ವೆಯ 32 ಹುಡುಗಿಯರಿಗೆ ನೆರವು ಕೊಟ್ಟು ಆರಂಭವಾದ ಕ್ಯಾಂಫೆಡ್ ಸಂಸ್ಥೆ ಮಾಡುತ್ತಿರುವುದು ಇದನ್ನೇ. ಅದರ ನೆರವಿನಿಂದ ಓದಿದ ಯುವತಿಯರು ಹಳ್ಳಿಯ ಶಾಲೆಗಳಿಗೆ ಮರಳಿ ಮಾರ್ಗದರ್ಶಿಗಳಾಗುತ್ತಾರೆ, ಕೆಲವರು ನೀರು–ಮಣ್ಣು ಉಳಿಸುವ ಬೇಸಾಯವನ್ನೂ ಊರಿಗೆ ಕಲಿಸುತ್ತಾರೆ.

ಮರ ಯಾರದು?

ಕಾಕಮೆಗಾ ಸೀಮೆಯಲ್ಲಿ ಹೆಂಗಸರು ಮರ ನೆಡಬಾರದೆಂಬ ಕಟ್ಟುಪಾಡಿತ್ತು; ನೆಟ್ಟರೆ ಬಂಜೆಯಾಗುತ್ತಾಳೆ, ಗಂಡ ಸಾಯುತ್ತಾನೆ ಎನ್ನುತ್ತಿದ್ದರು. ಅದರ ಹಿಂದೆ ನೆಲದ ಪ್ರಶ್ನೆಯಿತ್ತು. ಮರ ನೆಡುವುದೆಂದರೆ ಆ ನೆಲ ತನ್ನದೆಂದು ಸಾರಿದಂತೆ, ನೆಲವೋ ಗಂಡಸರದು. ಸೌದೆ ಹೊಂದಿಸುವುದು ಹೆಂಗಸಿನ ಹೊಣೆ, ಹೊಲದಂಚಿನ ಮರ ಗಂಡಸಿನ ಆಸ್ತಿ. 1980ರ ದಶಕದಲ್ಲಿ ಅಲ್ಲಿ ಉರುವಲಿನ ಕೆಲಸಕ್ಕಿಳಿದವರಿಗೆ ಇದು ಅರ್ಥವಾದಾಗ ದಾರಿ ಸಿಕ್ಕಿತು. ಸೆಸ್ಬೇನಿಯಾ, ಕ್ಯಾಲಿಯಾಂಡ್ರಗಳನ್ನು ಊರವರು ಮರವೆಂದು ಎಣಿಸುತ್ತಿರಲಿಲ್ಲ, ಅವು ಬರಿಯ ಪೊದೆ. ಪೊದೆ ನೆಡಲು ಹೆಂಗಸರಿಗೆ ಅಡ್ಡಿಯಿರಲಿಲ್ಲ.

ಹಾಗಾಗಿ ಶಾಲೆಯಿಂದ ಮನೆಗೆ ಸಸಿ ಕೊಟ್ಟು ಕಳಿಸುವ ದಿನ ತಂದೆ–ತಾಯಿ ಇಬ್ಬರನ್ನೂ ಕರೆಸಿ, ಯಾವುದು ಯಾರದೆಂದು ಅಲ್ಲೇ ಮಾತಾಗಬೇಕು: ಹೊಲದಂಚಿನ ಸಿಲ್ವರ್ ಓಕ್ ಮರಮಟ್ಟಿಗೆ, ಅದರ ಪಕ್ಕದ ಕೊಂಬೆಗಳು ಒಲೆಗೆ, ಹಿತ್ತಲ ಬೇಲಿಯ ಕ್ಯಾಲಿಯಾಂಡ್ರ ಪೂರ್ತಿ ತಾಯಿ–ಮಗಳದು. ಬೇಲಿಯ ಅಂತರ ಅರ್ಧ ಮೀಟರ್, 50 ಮೀಟರ್ ಬೇಲಿಗೆ 100 ಸಸಿ. ಮೊದಲ ವರ್ಷ ಕತ್ತಿ ಮುಟ್ಟಿಸಬಾರದು. ಆಮೇಲೆ ಮಂಡಿಯೆತ್ತರ ಬುಡ ಬಿಟ್ಟು, ನೀರು ನಿಲ್ಲದಂತೆ ಓರೆಯಾಗಿ, ಮಳೆ ಹಿಡಿಯುವ ಮೊದಲು ಕಡಿಯಬೇಕು. ಬೇಲಿಯನ್ನು ನಾಲ್ಕು ಭಾಗ ಮಾಡಿ ಸರದಿಯ ಮೇಲೆ ಕಡಿದರೆ ನಾಲ್ಕನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಚಿಗುರಿ ಬಂದಿರುತ್ತದೆ. ಕಡಿದ ಕಡ್ಡಿಯ ಸೊಪ್ಪು ಹಸುವಿನ ಮುಂದೆ, ಕಡ್ಡಿ ಸೂರಿನಡಿ ಒಣಗಲು. ಅಂಗಳದಲ್ಲಿ ಗೆರೆಯೆಳೆದು ಕಾಳಿನ ಆಟವನ್ನು ಮತ್ತೆ ಆಡಿಸಬೇಕಾದದ್ದು ಆ ಮೊದಲ ಕಡಿತ ಒಣಗಿದ ಮೇಲೆ.